ಸಂಗೀತದ ಪೀರಿಯಡ್ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಈ ತಿಂಗಳು ಸಂಗೀತದ ಪೀರಿಯಡ್‌ನಲ್ಲಿ ಮಕ್ಕಳಿಗೆ ಇಂಗ್ಲೆಂಡಿನ ಟ್ರಂಪೆಟ್ ವಾದಕ ಹಂಫ್ರಿ ಲಿಟಲ್ಟನ್ ಅವರ ಜಾಝ್ ಸಂಗೀತ ಕೇಳಿಸುತ್ತಿದ್ದೇವೆ. ಪರೀಕ್ಷೆಗೆ ಬಾರದ ಈ ಪಾಠ ಯಾಕೆ ಅಂತ ಕೆಲವರು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ.

ಲಿಟಲ್ಟನ್ ಹುಟ್ಟಿದ್ದು 1921ರಲ್ಲಿ, ಈಟನ್ ಶಾಲೆಯಲ್ಲೇ. ಅಪ್ಪ ಅಲ್ಲಿ ಮೇಷ್ಟ್ರು. 1936ರಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಈಟನ್ ಮತ್ತು ಹ್ಯಾರೋ ಶಾಲೆಗಳ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದಾಗ, ಈ ಹುಡುಗ ಚೇರಿಂಗ್ ಕ್ರಾಸ್ ರೋಡಿಗೆ ಹೋಗಿ ಟ್ರಂಪೆಟ್ ಕೊಂಡ. ಪಂದ್ಯ ತಪ್ಪಿಸಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಆಸೆ ಎಷ್ಟು ಗಟ್ಟಿಯಾಗಿತ್ತು ನೋಡಿ! ನುಡಿಸುವುದನ್ನು ಹೆಚ್ಚಾಗಿ ತಾನೇ ಕಲಿತ. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ರೆಕಾರ್ಡುಗಳೇ ಅವನಿಗೆ ಗುರು.

ಮುಂದೆ ಯುದ್ಧ, ಸೈನ್ಯ, ಆಮೇಲೆ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಚಿತ್ರಕಲೆ. ಡೈಲಿ ಮೇಲ್ ಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನೂ ಬರೆದರು. 1956ರಲ್ಲಿ ಅವರ ಒಂದು ರೆಕಾರ್ಡು ಬ್ರಿಟನ್ನಿನಲ್ಲಿ ಹೆಚ್ಚು ಮಾರಾಟವಾದ ರೆಕಾರ್ಡುಗಳ ಟಾಪ್ 20 ಪಟ್ಟಿ ಸೇರಿತು.

ಮಕ್ಕಳಿಗೆ ನಾನು ಜಾಸ್ತಿ ಹೇಳುವುದು 1953ರ ಕಥೆ. ಲಿಟಲ್ಟನ್ ಹೆಸರು ಮಾಡಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಹಳೆಯ ಜಾಝ್ ಶೈಲಿ ನುಡಿಸಿ. ಆ ಶೈಲಿಯಲ್ಲಿ ಸ್ಯಾಕ್ಸೊಫೋನಿಗೆ ಜಾಗವಿಲ್ಲ ಎಂಬುದು ಕಟ್ಟಾ ಅಭಿಮಾನಿಗಳ ಹಟ. ಆದರೂ ಲಿಟಲ್ಟನ್ ಆ ವರ್ಷ ಬ್ರೂಸ್ ಟರ್ನರ್ ಎಂಬ ಸ್ಯಾಕ್ಸೊಫೋನ್ ವಾದಕರನ್ನು ತಂಡಕ್ಕೆ ಸೇರಿಸಿಕೊಂಡರು. ಬರ್ಮಿಂಗ್‌ಹ್ಯಾಮ್‌ನ ಟೌನ್ ಹಾಲಿನಲ್ಲಿ ಅಭಿಮಾನಿಗಳೇ ಟರ್ನರ್ ವಿರುದ್ಧ ಬ್ಯಾನರ್ ಹಿಡಿದರು. ಆದರೆ ಲಿಟಲ್ಟನ್, ಟರ್ನರ್ ಅವರನ್ನು ಕೈಬಿಡಲಿಲ್ಲ. ತನ್ನ ಕಿವಿಗೆ ಸರಿ ಅನ್ನಿಸಿದ್ದರ ಪರ ನಿಂತರು. ಹದಿಹರೆಯದ ಮಕ್ಕಳಿಗೆ ಇದು ಬೇಕು, ಅಲ್ವಾ?

ಅದೇ ಕಿವಿ ಅವರನ್ನು ಒಳ್ಳೆಯ ವಿಮರ್ಶಕರನ್ನಾಗಿಯೂ ಮಾಡಿತು ಎಂದು ನನ್ನ ನಂಬಿಕೆ. 1967ರಿಂದ 2008ರವರೆಗೆ ಬಿಬಿಸಿ ರೇಡಿಯೋದಲ್ಲಿ ಜಾಝ್ ಕಾರ್ಯಕ್ರಮ ನಡೆಸಿದರು. ಹಳೆಯದು, ಹೊಸದು ಎರಡನ್ನೂ ಕೇಳಿಸುತ್ತಿದ್ದರು. ಎಂಬತ್ತರ ಹತ್ತಿರ ಬಂದಾಗ ರೇಡಿಯೋಹೆಡ್ ಎಂಬ ರಾಕ್ ತಂಡದ ಆಲ್ಬಮ್ಮಿಗೂ ಟ್ರಂಪೆಟ್ ನುಡಿಸಿದರು. 2008ರ ಏಪ್ರಿಲ್‌ನಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡರು.

ನನ್ನ ಕೋರಿಕೆ ಇಷ್ಟೇ. ಒಂಬತ್ತನೇ ಕ್ಲಾಸಿಗೆ ಬಂದ ಕೂಡಲೇ ಮಕ್ಕಳ ಕೊಳಲು, ಪಿಟೀಲು, ಕೀಬೋರ್ಡನ್ನು ಅಟ್ಟಕ್ಕೆ ಹಾಕಬೇಡಿ. ವಾರಕ್ಕೊಮ್ಮೆಯಾದರೂ ಮಗುವಿನ ಜೊತೆ ಕೂತು ಏನಾದರೂ ಸಂಗೀತ ಕೇಳಿ. ಚೆನ್ನಾಗಿತ್ತಾ ಎಂದು ಸುಮ್ನೆ ಕೇಳಿ ಬಿಡಬೇಡಿ. ಯಾವ ವಾದ್ಯ ಮೊದಲು ಬಂತು, ಎಲ್ಲಿ ಲಯ ಬದಲಾಯಿತು ಎಂದು ಕೇಳಿ. ಮಗು ಹೇಳಿದ್ದನ್ನು ಸಂಗೀತದ ಪುಸ್ತಕದಲ್ಲಿ ಬರೆಸಿ ಕಳಿಸಿ. ನಾನೇ ಓದುತ್ತೇನೆ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು