ಟಿಕೆಟ್‌ನ ಪೂರ್ತಿ ಬೆಲೆ ಮೊದಲೇ ಹೇಳಿ

ಮಾನ್ಯರೇ,

2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೇರಿತು. ಸಾವಿರ ರೂಪಾಯಿಯ ಟಿಕೆಟ್‌ಗೆ ತೆರಿಗೆ ಸೇರಿ ₹1,400. ನಾಲ್ವರು ಹೋದರೆ ₹5,600. ಓಡಾಟ, ತಿಂಡಿ, ಮಕ್ಕಳು ಹಟ ಹಿಡಿಯುವ ಜೆರ್ಸಿ ಬೇರೆ. ಅದೇ ವರ್ಷ ರಾಜ್ಯ ಸರ್ಕಾರ ಸಿನಿಮಾ ಟಿಕೆಟ್‌ಗೆ ಹಾಕಿದ ₹200ರ ಮಿತಿಗೂ ಹೈಕೋರ್ಟ್ ತಡೆ ನೀಡಿತು.

ದರ ಇಳಿಸಿ ಎಂದು ನಾನು ಕೇಳುತ್ತಿಲ್ಲ, ಕೇಳಿದರೂ ಇಳಿಸುವವರಾರು? ತೆರಿಗೆ, ಬುಕಿಂಗ್ ಶುಲ್ಕ ಎಲ್ಲ ಸೇರಿದ ಮೊತ್ತವನ್ನು ಆಯೋಜಕರು ಜಾಹೀರಾತಿನಲ್ಲೇ ಪ್ರಕಟಿಸಲಿ, ಅದೂ ತಿಂಗಳು ಮೊದಲೇ. ಬಾಡಿಗೆ, ಶಾಲೆ ಫೀಸು ಕಳೆದು ಉಳಿದದ್ದರಲ್ಲಿ ಇಷ್ಟಿಷ್ಟು ಎತ್ತಿಡಲು ಸಂಬಳದವರಿಗೆ ಅಷ್ಟು ಸಮಯ ಬೇಕು. ಹಣ ಪಾವತಿಸುವ ಕೊನೆಯ ಗಳಿಗೆಯಲ್ಲಿ ಮೊತ್ತ ಉಬ್ಬುವುದನ್ನು ಗ್ರಾಹಕ ವ್ಯವಹಾರಗಳ ಇಲಾಖೆ ತಡೆಯಬೇಕು.

– ಓದುಗ, ಬೆಂಗಳೂರು