ಏಪ್ರಿಲ್ 1ರಿಂದ ನಮ್ಮ ಎರಡೂ ಮನೆಗಳಲ್ಲಿ ಆಗುವ ಬದಲಾವಣೆ: ಕುಟುಂಬದವರಿಗೆ ಪತ್ರ

ಮಾನ್ಯರೇ,

ನಮ್ಮ ಸಹಕಾರ ಸಂಘ ನಡೆಸುತ್ತಿರುವ ಮೈಸೂರಿನ ಸರಸ್ವತಿಪುರಂ ಮನೆ ಮತ್ತು ಮಂಡ್ಯದ ಮನೆಯಲ್ಲಿರುವ ಹಿರಿಯರ ಮಕ್ಕಳು, ಸೊಸೆ-ಅಳಿಯಂದಿರು ಹಾಗೂ ಬಂಧುಗಳಿಗೆ ಈ ಪತ್ರ. ಬರುವ ಏಪ್ರಿಲ್ 1ರಿಂದ ಹಾಸಿಗೆಗಳ ಸಂಖ್ಯೆ, ಯಾರು ಯಾವ ಮಹಡಿಯಲ್ಲಿರಬೇಕು ಎಂಬುದು, ನಾವು ಮಾಡುವ ಶುಶ್ರೂಷೆಯ ಮಿತಿ ಮತ್ತು ತಿಂಗಳ ಶುಲ್ಕ ಬದಲಾಗಲಿವೆ. ಇದರಿಂದ ಯಾರೂ ಮನೆ ಬಿಡಬೇಕಾಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

ಹಿರಿಯರ ಮನೆ ನಡೆಸುವುದು ಒಂದೇ ಕಚೇರಿಯ ಒಂದೇ ಕಾಗದದಲ್ಲಿ ಮುಗಿಯುವ ಕೆಲಸವಲ್ಲ. ಮೈಸೂರಿನ ಮನೆ ಮಹಾನಗರ ಪಾಲಿಕೆಗೆ ಸೇರುತ್ತದೆ, ಅಲ್ಲಿ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ. ಮಂಡ್ಯದ್ದು ನಗರಸಭೆಗೆ, ಅಲ್ಲಿ 1964ರ ಪುರಸಭೆಗಳ ಕಾಯ್ದೆ. ಅಡುಗೆಮನೆಯನ್ನು ಆಹಾರ ಸುರಕ್ಷತಾ ಇಲಾಖೆ ನೋಡುತ್ತದೆ, ಕಟ್ಟಡದ ಸುರಕ್ಷತೆಯನ್ನು ಅಗ್ನಿಶಾಮಕ ಇಲಾಖೆ, ಹಿರಿಯರ ಯೋಗಕ್ಷೇಮವನ್ನು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಈ ಸಲದ ಪರವಾನಗಿ ನವೀಕರಣದಲ್ಲಿ ನಾವು ಎರಡೂ ಕಟ್ಟಡಗಳ ಬಳಕೆಯನ್ನು ‘ವಾಸದ ಮನೆ’ ಎಂದು ಬರೆಯದೆ ‘ಹಿರಿಯರ ವಸತಿ ಮತ್ತು ಆರೈಕೆ’ ಎಂದೇ ನಮೂದಿಸುತ್ತಿದ್ದೇವೆ. ಹೀಗೆ ನಮೂದಿಸಿದ ಮೇಲೆ ಅಳತೆಗೋಲೇ ಬೇರೆಯಾಗುತ್ತದೆ. 2016ರ ನ್ಯಾಷನಲ್ ಬಿಲ್ಡಿಂಗ್ ಕೋಡ್‌ನಲ್ಲಿ (ಕಟ್ಟಡಗಳ ರಾಷ್ಟ್ರೀಯ ಸಂಹಿತೆಯಲ್ಲಿ) ವೃದ್ಧರ ಮತ್ತು ಅಶಕ್ತರ ವಸತಿಗಳು ಸಾಂಸ್ಥಿಕ ಕಟ್ಟಡಗಳ ಗುಂಪಿನಲ್ಲಿ, ಅಂದರೆ ಆಸ್ಪತ್ರೆಗಳಿರುವ ‘ಸಿ’ ಗುಂಪಿನಲ್ಲೇ ಬರುತ್ತವೆ. ಇದು ಸರಿಯಾದ ವರ್ಗೀಕರಣ ಎಂಬುದು ನಮ್ಮ ದೃಢ ಅಭಿಪ್ರಾಯ. ಮನೆಯಲ್ಲಿ ಹೊಗೆ ತುಂಬಿದರೆ ಎಲ್ಲರೂ ಎದ್ದು ಓಡುತ್ತಾರೆ. ಇಲ್ಲಿರುವವರಲ್ಲಿ ಅರ್ಧದಷ್ಟು ಮಂದಿ ಇನ್ನೊಬ್ಬರ ಕೈ ಹಿಡಿಯದೆ ಹಾಸಿಗೆಯಿಂದ ಇಳಿಯಲಾರರು.

ಮೊದಲ ಬದಲಾವಣೆ ಮೈಸೂರಿನ ಮನೆಯ ಮಹಡಿಯದು. ಸ್ವತಃ ನಡೆದು ಮೆಟ್ಟಿಲು ಇಳಿಯಬಲ್ಲವರು ಮಾತ್ರ ಇನ್ನು ಮೇಲಿನ ಮಹಡಿಯಲ್ಲಿರುತ್ತಾರೆ. ವಾಕರ್, ವೀಲ್‌ಚೇರ್ ಬಳಸುವವರು, ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆ ಇರುವವರು ನೆಲಮಹಡಿಗೆ ಬರುತ್ತಾರೆ. ನಮ್ಮ ಮೆಟ್ಟಿಲಿನ ಅಗಲ 90 ಸೆಂ.ಮೀ., ನಡುವೆ ಒಂದು ತಿರುವು. ನಡೆಯಲಾಗದವರನ್ನು ಆ ತಿರುವಿನಲ್ಲಿ ಸುರಕ್ಷಿತವಾಗಿ ಇಳಿಸಲು ನಾಲ್ಕು ಜನ ಬೇಕು. ರಾತ್ರಿ ಪಾಳಿಯಲ್ಲಿ ಅಷ್ಟು ಜನ ಇರುವುದಿಲ್ಲ. ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ, ಹೊಗೆಯೂ ಮೆಟ್ಟಿಲ ಮೂಲಕವೇ ಮೇಲೇರುತ್ತದೆ. ಕಿಟಕಿಯಿಂದ ಗಾಳಿ ಬರುತ್ತದೆ, ಮಹಡಿ ಕೋಣೆಯೇ ಇರಲಿ ಎಂದು ಕೆಲವರು ಕೇಳಿದ್ದೀರಿ. ಅಪ್ಪನಿಗೋ ಅಮ್ಮನಿಗೋ ಆ ಕೋಣೆ ಅಭ್ಯಾಸವಾಗಿದೆ ಎಂಬುದು ನಮಗೂ ಗೊತ್ತು. ಆದರೂ ಇದರಲ್ಲಿ ವಿನಾಯಿತಿ ಕೊಡಲಾಗುವುದಿಲ್ಲ. ಕೋಣೆ ಬದಲಿಸುವಾಗ ಅವರ ಮಂಚ, ದಿಂಬು, ಗೋಡೆಯ ಫೋಟೋ, ರೇಡಿಯೋ ಎಲ್ಲವನ್ನೂ ಮೊದಲಿದ್ದ ದಿಕ್ಕಿಗೇ ಜೋಡಿಸುತ್ತೇವೆ. ಮರೆವು ಇರುವವರಿಗೆ ಮಂಚದ ಯಾವ ಬದಿಯಿಂದ ಇಳಿಯುತ್ತಿದ್ದರು ಎಂಬುದು ಬಹಳ ಮುಖ್ಯ. ಅದು ತಪ್ಪಿದರೆ ರಾತ್ರಿ ಶೌಚಕ್ಕೆಂದು ಎದ್ದವರು ಗೋಡೆಗೆ ಹಾಯುತ್ತಾರೆ.

ಮೂವರಿದ್ದ ಮೂರು ಕೋಣೆಗಳು ಇಬ್ಬರ ಕೋಣೆಗಳಾಗುತ್ತವೆ. ಎರಡು ಮಂಚಗಳ ನಡುವೆ 90 ಸೆಂ.ಮೀ. ಜಾಗ ಬೇಕು, ವೀಲ್‌ಚೇರ್ ಪೂರ್ತಿ ತಿರುಗಲು ಒಂದೂವರೆ ಮೀಟರ್ ವ್ಯಾಸದ ಖಾಲಿ ನೆಲ ಬೇಕು. ಮೂರನೆಯ ಮಂಚ ಇದ್ದರೆ ಅಲ್ಲಿ ತಿರುಗಿಸಲಾಗದೆ, ಹಿರಿಯರನ್ನು ಕಂಕುಳಲ್ಲಿ ಕೈಹಾಕಿ ಎಳೆಯಬೇಕಾಗುತ್ತದೆ. ಭುಜದ ನೋವು, ತೋಳಿನ ಚರ್ಮ ಸುಲಿಯುವುದು ಹೆಚ್ಚಾಗಿ ಶುರುವಾಗುವುದು ಹೀಗೆಯೇ. ಮೈಸೂರಿನಲ್ಲಿ 20 ಹಾಸಿಗೆ ಇದ್ದದ್ದು 17 ಆಗುತ್ತದೆ. ಈಗಾಗಲೇ ಖಾಲಿಯಾಗಿರುವ ಮೂರನ್ನು ನಾವು ಮತ್ತೆ ತುಂಬಿಸುವುದಿಲ್ಲ, ಅಷ್ಟೆ. ಮಂಡ್ಯದ ಮನೆಗೆ ಮಹಡಿಯಿಲ್ಲ, ಕೋಣೆಗಳೂ ದೊಡ್ಡವು. ಅಲ್ಲಿ 12 ಹಾಸಿಗೆ ಹಾಗೇ ಇರುತ್ತವೆ.

ಬಾಗಿಲುಗಳ ಕೆಲಸ ಫೆಬ್ರುವರಿಯಲ್ಲಿ ನಡೆಯಲಿದೆ. ಬಾತ್‌ರೂಮಿನ ಬಾಗಿಲುಗಳು ಈಗ ಒಳಕ್ಕೆ ತೆರೆಯುತ್ತವೆ. ಒಳಗೆ ಜಾರಿ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ಹೊರಗಿನಿಂದ ತಳ್ಳಲಾಗದು, ತಳ್ಳಿದರೆ ಮುರಿದ ಮೂಳೆಗೆ ಇನ್ನಷ್ಟು ಪೆಟ್ಟು. ಅದಕ್ಕೇ ಎಲ್ಲ ಬಾತ್‌ರೂಮ್ ಬಾಗಿಲುಗಳ ಕೀಲು ತಿರುಗಿಸಿ ಹೊರಕ್ಕೆ ತೆರೆಯುವಂತೆ ಮಾಡುತ್ತಿದ್ದೇವೆ, ಹೊರಗಿನಿಂದಲೂ ನಾಣ್ಯ ಹಾಕಿ ತಿರುಗಿಸಬಹುದಾದ ಚಿಲಕ ಕೂರಿಸುತ್ತಿದ್ದೇವೆ. ಬಾಗಿಲಿನ ತೆರವು 90 ಸೆಂ.ಮೀ. ಇರಬೇಕಾದ್ದರಿಂದ ಎರಡು ಕಡೆ ಗೋಡೆ ಒಡೆಯುವ ಕೆಲಸವೂ ಇದೆ. ಆ ವಾರ ಧೂಳು ಇರುತ್ತದೆ. ಉಬ್ಬಸ ಇರುವವರನ್ನು ಸಾಧ್ಯವಾದರೆ ನಾಲ್ಕು ದಿನ ಮನೆಗೆ ಕರೆದುಕೊಂಡು ಹೋಗಿ.

ಮುಂಬಾಗಿಲ ಹೊಸ್ತಿಲನ್ನು ನಾವು ತೆಗೆಯುವುದಿಲ್ಲ. ಹಿರಿಯರಲ್ಲಿ ಹಲವರು ದಿನಾ ಬೆಳಗ್ಗೆ ಅದಕ್ಕೆ ಅರಿಶಿನ-ಕುಂಕುಮ ಇಡುತ್ತಾರೆ. ಬದಲಿಗೆ ಪಕ್ಕದ ಬಾಗಿಲಿಗೆ ರ‍್ಯಾಂಪ್ ಬರುತ್ತದೆ. ಮನೆಯ ತಳಪಾಯ ನೆಲದಿಂದ 45 ಸೆಂ.ಮೀ. ಎತ್ತರದಲ್ಲಿದೆ, ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದದ ಇಳಿಜಾರೆಂದರೆ ರ‍್ಯಾಂಪ್ 5.4 ಮೀಟರ್ ಉದ್ದ ಬೇಕು. ಪೋರ್ಟಿಕೋದಲ್ಲಿ ಕಾರು ಹತ್ತಿಸಲು ಮಾಡಿದ ಇಳಿಜಾರು ಅದರ ಅರ್ಧದಷ್ಟೇ ಇದೆ. ಅಲ್ಲಿ ವೀಲ್‌ಚೇರನ್ನು ಮುಂದಕ್ಕೆ ಮುಖ ಮಾಡಿ ಇಳಿಸಿದರೆ ಕೂತವರು ಮುಗ್ಗರಿಸುತ್ತಾರೆ. ನೋಡಲು ಬಂದಾಗ ದಯವಿಟ್ಟು ಅಲ್ಲಿಂದ ಇಳಿಸಬೇಡಿ.

ರಾತ್ರಿ ಗ್ರಿಲ್‌ಗೆ ಬೀಗ ಹಾಕುವ ವಿಚಾರ ಹಲವು ಬಾರಿ ಬಂದಿದೆ. ಮರೆವು ಇರುವವರು ಹೊರಗೆ ಹೋಗಿಬಿಟ್ಟರೆ ಎಂಬ ಭಯ ನ್ಯಾಯವಾದದ್ದೇ. ಆದರೆ ಬೆಂಕಿ ಬಿದ್ದರೆ ಕತ್ತಲಲ್ಲಿ, ಕರೆಂಟು ಹೋದಾಗ, ಕೀಲಿಗೊಂಚಲು ಹುಡುಕುವ ಆ ಒಂದು ನಿಮಿಷದಲ್ಲೇ ಜೀವ ಹೋಗಬಹುದು. ಇನ್ನು ಮುಂದೆ ಕಟ್ಟಡದಿಂದ ಹೊರಬರುವ ಯಾವ ಬಾಗಿಲಿಗೂ ಬೀಗ ಇರುವುದಿಲ್ಲ, ತೆರೆದರೆ ಗಂಟೆ ಬಾರಿಸುವ ಸೆನ್ಸರ್ ಇರುತ್ತದೆ. ಬೀಗ ಕಾಂಪೌಂಡ್ ಗೇಟಿಗೆ ಮಾತ್ರ, ಅದರ ಕೀಲಿ ರಾತ್ರಿ ಪಾಳಿಯ ಪ್ರತಿಯೊಬ್ಬರ ಕೊರಳಲ್ಲೂ ಇರುತ್ತದೆ. ಇದೇ ಕಾರಣಕ್ಕೆ ಕೋಣೆಯೊಳಗೆ ಎಣ್ಣೆದೀಪ, ಊದುಬತ್ತಿ, ಕಾಯಿಲ್ ಹೀಟರ್ ಇನ್ನಿಲ್ಲ. ಫೋಮ್ ಹಾಸಿಗೆಗೆ ಕಿಡಿ ತಗುಲಿದರೆ ಉರಿಗಿಂತ ಮೊದಲು ವಿಷದ ಹೊಗೆ ಬರುತ್ತದೆ. ಆಕ್ಸಿಜನ್ ಕಾನ್ಸಂಟ್ರೇಟರ್ (ಉಸಿರಾಟಕ್ಕೆ ಆಮ್ಲಜನಕ ಕೊಡುವ ಯಂತ್ರ) ಇರುವ ಕೋಣೆಯಲ್ಲಂತೂ ಹತ್ತು ಅಡಿಯೊಳಗೆ ಯಾವ ಉರಿಯೂ ಇರಕೂಡದು. ನಂದಾದೀಪ ಹಾಲ್‌ನಲ್ಲಿರುವ ದೇವರ ಗೂಡಿನಲ್ಲಿ ಉರಿಯುತ್ತದೆ, ದೀಪ ಹಚ್ಚಲು ಬಯಸುವವರನ್ನು ಬೆಳಗ್ಗೆ-ಸಂಜೆ ನಾವೇ ಕೈಹಿಡಿದು ಕರೆತರುತ್ತೇವೆ.

ಇನ್ನು ಶುಶ್ರೂಷೆ. ಇದನ್ನು ನಿಧಾನವಾಗಿ ಓದಿ. ರೋಗಿಗಳನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ನಮ್ಮದು ಆರೈಕೆಯ ಮನೆ, ನರ್ಸಿಂಗ್ ಹೋಮ್ ಅಲ್ಲ. ಹಾಗಾಗಿ ಡ್ರಿಪ್ ಹಾಕುವುದು, ಮೂಗಿನ ನಳಿಕೆ ಕೂರಿಸುವುದು, ಕ್ಯಾಥೆಟರ್ (ಮೂತ್ರದ ನಳಿಕೆ) ಬದಲಿಸುವುದು, ಆಳವಾದ ಹಾಸಿಗೆಹುಣ್ಣಿನ ಚಿಕಿತ್ಸೆ ಇಲ್ಲಿ ನಡೆಯುವುದಿಲ್ಲ. ಕ್ಯಾಥೆಟರ್ ಇರುವವರು ಇಲ್ಲಿ ಇರಬಹುದು, ಚೀಲ ಖಾಲಿ ಮಾಡುವುದು, ಶುಚಿ ನೋಡುವುದು ನಮ್ಮ ಕೆಲಸ. ಬದಲಿಸಲು ಆಸ್ಪತ್ರೆಗೆ ಕರೆದೊಯ್ಯಬೇಕು. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದು ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿಯೂ, ಮಂಚದ ತಲೆಗೆ ಕಟ್ಟಿದ ಹಾಳೆಯಲ್ಲಿ ಸಮಯ ಮತ್ತು ಸಹಿ ಸಮೇತ. ಬಂದಾಗ ಆ ಹಾಳೆ ಎತ್ತಿ ನೋಡಿ, ಖಾಲಿ ಇದ್ದರೆ ಕೇಳಿ. ಇನ್ಸುಲಿನ್ ವೈದ್ಯರು ಬರೆದುಕೊಟ್ಟ ಪ್ರಮಾಣದಂತೆ ನರ್ಸ್ ಕೊಡುತ್ತಾರೆ. ಬಳಸದ ಇನ್ಸುಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರ್‌ನಲ್ಲಿ ಇಟ್ಟದ್ದು ಕೆಟ್ಟಂತೆಯೇ. ಐಸ್ ಪ್ಯಾಕ್‌ಗೆ ಅಂಟಿಸಿ ತಂದುಕೊಡಬೇಡಿ.

ಮಾತ್ರೆಗಳನ್ನು ಡಬ್ಬಿಗೆ ಬಿಡಿಸಿ ಹಾಕಿ ಕೊಟ್ಟರೆ ಏಪ್ರಿಲ್‌ನಿಂದ ತೆಗೆದುಕೊಳ್ಳುವುದಿಲ್ಲ. ಹೆಸರು, ಅವಧಿ ಕಾಣುವ ಸ್ಟ್ರಿಪ್ ಮತ್ತು ವೈದ್ಯರ ಚೀಟಿ ಎರಡೂ ಬೇಕು. ಬಿಳಿ ಸಣ್ಣ ಮಾತ್ರೆಗಳೆಲ್ಲ ಒಂದೇ ಥರ ಕಾಣುತ್ತವೆ. ಬಿ.ಪಿ. ಮಾತ್ರೆ ಎರಡು ಸಲ ಹೋದರೆ ಬೆಳಗಿನ ಜಾವ ತಲೆಸುತ್ತಿ ಬೀಳುವುದು ಖಂಡಿತ ಎಂದೇ ಇಟ್ಟುಕೊಳ್ಳಿ.

ಸಿರಿಂಜ್, ಲ್ಯಾನ್ಸೆಟ್ ಸೂಜಿಗಳು ಚುಚ್ಚಿದರೂ ತೂತಾಗದ ಡಬ್ಬಿಗೇ ಬೀಳಬೇಕು. ಮಾಮೂಲಿ ಕಸದ ಬುಟ್ಟಿಗೆ ಬಿದ್ದ ಸೂಜಿ ನೇರವಾಗಿ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಡಯಾಪರ್‌ಗಳನ್ನು ಕಾಗದದಲ್ಲಿ ಸುತ್ತಿ, ಗುರುತು ಹಾಕಿ, ಹಸಿ-ಒಣ ಕಸದಿಂದ ಬೇರೆಯಾಗಿ ಕೊಡುತ್ತೇವೆ. ನೀವು ಬದಲಿಸಿದರೂ ಹೀಗೇ ಮಾಡಿ.

ಮನೆಯಿಂದ ತಿಂಡಿ ತರಲು ಅಡ್ಡಿಯಿಲ್ಲ, ಅಂದೇ ಮಾಡಿದ್ದು ಅಂದೇ ಮುಗಿಯಬೇಕು. ಪಾರ್ಶ್ವವಾಯು ಆದವರಿಗೆ, ನುಂಗುವಾಗ ಕೆಮ್ಮುವವರಿಗೆ ಒಬ್ಬಟ್ಟು, ಚಕ್ಕುಲಿ, ಅವಲಕ್ಕಿ ಕೊಡುವ ಮೊದಲು ನರ್ಸ್‌ರನ್ನು ಕೇಳಿ. ಮಲಗಿಸಿ ತಿನ್ನಿಸಬೇಡಿ, ತಿಂದ ಮೇಲೂ ಅರ್ಧ ಗಂಟೆ ಕೂರಿಸಿರಿ.

ಪ್ರವೇಶದ ಕಾಗದಕ್ಕೆ ಇನ್ನು ಹಿರಿಯರೇ ಸಹಿ ಹಾಕಬೇಕು, ಓದಿ ಹೇಳಿದ ಮೇಲೆ. ಮಗನ ಸಹಿ ಸಾಕ್ಷಿಗೆ ಮಾತ್ರ. ಮರೆವಿನಿಂದ ಅರ್ಥ ಮಾಡಿಕೊಳ್ಳಲಾಗದವರಿದ್ದರೆ ವೈದ್ಯರ ಪತ್ರ ಜೊತೆಗಿರಲಿ. ದಾನಪತ್ರ, ಉಯಿಲಿಗೆ ನಮ್ಮ ಸಿಬ್ಬಂದಿ ಸಾಕ್ಷಿ ಹಾಕುವುದಿಲ್ಲ, ಆ ಕೆಲಸಕ್ಕೆ ಮನೆಯ ಕೋಣೆಯನ್ನೂ ಕೊಡುವುದಿಲ್ಲ. ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007ರ 23ನೇ ಕಲಮಿನಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ನ್ಯಾಯಮಂಡಳಿ ಅನೂರ್ಜಿತಗೊಳಿಸಬಹುದು. ಆ ನ್ಯಾಯಮಂಡಳಿಯ ವಿಳಾಸ, ಅಂದರೆ ಉಪವಿಭಾಗಾಧಿಕಾರಿಗಳ ಕಚೇರಿ, ಹಾಗೂ ಹಿರಿಯರ ಸಹಾಯವಾಣಿ 14567 ಹಾಲ್‌ನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುತ್ತವೆ. ನಮ್ಮ ಮೇಲೆ ದೂರು ಇದ್ದರೂ ಹಿರಿಯರು ಅಲ್ಲಿಗೆ ಫೋನ್ ಮಾಡಬಹುದು, ಫೋನ್ ನಾವೇ ಹಚ್ಚಿಕೊಡುತ್ತೇವೆ.

ಶುಲ್ಕದ ಲೆಕ್ಕ ಹೀಗಿದೆ. ಮೈಸೂರಿನಲ್ಲಿ ತಿಂಗಳಿಗೆ 19,000 ರೂ. ಇದ್ದದ್ದು 22,500 ರೂ. ಆಗುತ್ತದೆ. ಮೂರು ಹಾಸಿಗೆ ಕಡಿಮೆಯಾದ್ದರಿಂದ 57,000 ರೂ. ಆದಾಯ ಇಳಿಯುತ್ತದೆ, ಊಟ ಮತ್ತು ಬಟ್ಟೆ ಒಗೆಯುವ ಖರ್ಚಿನಲ್ಲಿ 15,000 ರೂ. ಉಳಿಯುತ್ತದೆ. ಕೊರತೆ 42,000 ರೂ. ಅದನ್ನು 17 ಜನಕ್ಕೆ ಹಂಚಿದರೆ ತಲಾ ಸುಮಾರು 2,470 ರೂ. ರಾತ್ರಿ ಪಾಳಿಗೆ ಇನ್ನೊಬ್ಬ ಆರೈಕೆದಾರರ ಖರ್ಚು 17,500 ರೂ., ಅಂದರೆ ತಲಾ 1,030 ರೂ. ಮಂಡ್ಯದಲ್ಲಿ ಈ ರಾತ್ರಿ ಪಾಳಿಯ ಪಾಲು ಮಾತ್ರ ಸೇರುತ್ತದೆ, ಅಲ್ಲಿ ಅದು 12 ಜನಕ್ಕೆ ಹಂಚುವುದರಿಂದ ತಲಾ 1,450 ರೂ. ಹೆಚ್ಚುತ್ತದೆ. ಬಾಗಿಲು, ರ‍್ಯಾಂಪ್ ಕೆಲಸದ ಹಣ ಸಂಘದ ಮೀಸಲು ನಿಧಿಯಿಂದ ಹೋಗುತ್ತದೆ, ನಿಮ್ಮಿಂದ ಕೇಳುವುದಿಲ್ಲ. ಹೆಚ್ಚಿದ ಮೊತ್ತ ಕಟ್ಟಲು ನಿಜವಾಗಿಯೂ ಆಗದವರು ಕಚೇರಿಗೆ ಬಂದು ಮಾತಾಡಿ. ಶುಲ್ಕದ ಕಾರಣಕ್ಕೆ ಹಿರಿಯರ ಊಟದಲ್ಲಿ, ಆರೈಕೆಯಲ್ಲಿ ಯಾವ ವ್ಯತ್ಯಾಸವೂ ಆಗದು.

ಮಾರ್ಚ್ 15ರೊಳಗೆ ಹಿರಿಯರ ಆಧಾರ್ ಪ್ರತಿ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಚೀಟಿ, ಹಿಂದಿನ ಡಿಸ್ಚಾರ್ಜ್ ಸಮರಿ, ರಾತ್ರಿಯೂ ಎತ್ತುವ ಇಬ್ಬರ ಫೋನ್ ನಂಬರ್ ತಲುಪಿಸಿ. ಇಬ್ಬರಲ್ಲಿ ಒಬ್ಬರಾದರೂ ಮೈಸೂರು ಅಥವಾ ಮಂಡ್ಯದಲ್ಲೇ ಇರುವವರಾಗಲಿ. ಸ್ವಂತ ವೀಲ್‌ಚೇರ್ ತಂದಿದ್ದರೆ ಎರಡೂ ಚಕ್ರಗಳ ಹೊರಬಳೆ ಸೇರಿಸಿ ಅಗಲ ಅಳೆದು ಬರೆದುಕೊಡಿ, 70 ಸೆಂ.ಮೀ. ಮೀರಿದ್ದರೆ ಬಾಗಿಲು ಕೆಲಸ ಮುಗಿಯುವ ಮೊದಲೇ ನಮಗೆ ತಿಳಿಯಬೇಕು.

ಇಂತಿ,
ಆಡಳಿತ ಮಂಡಳಿ ಮತ್ತು ಶುಶ್ರೂಷಾ ವಿಭಾಗ