ಆ ಒಂದು ಮತದ ದಿನ ನೀನು ನನ್ನ ಮಡಿಲಲ್ಲಿದ್ದೆ

ಪ್ರೀತಿಯ ಮಗಳೇ,

ನಾವೆಲ್ಲ ಕ್ಷೇಮ. ಅಜ್ಜಿಯ ಮಂಡಿನೋವು ಸ್ವಲ್ಪ ಇಳಿದಿದೆ, ಜಗಲಿಯವರೆಗೆ ಬಂದು ಕೂರುತ್ತಾರೆ.

ಮೊನ್ನೆ ಭಾನುವಾರ ಫೋನಿನಲ್ಲಿ ನೀನಾಡಿದ ಮಾತು ಮನಸ್ಸಿನಲ್ಲೇ ಕೂತಿದೆ. ಪಿಜಿಯಲ್ಲಿ ಹನ್ನೊಂದು ಹುಡುಗಿಯರಿದ್ದೀರಿ, ಒಬ್ಬರ ಹೆಸರೂ ಬೆಂಗಳೂರಿನ ಮತದಾರರ ಪಟ್ಟಿಯಲ್ಲಿ ಇಲ್ಲ, ಸೇರಿಸೋಣ ಬನ್ನಿ ಎಂದರೆ ‘ಒಂದು ಮತದಿಂದ ಏನಾಗಬೇಕಿದೆ’ ಎಂದು ನಗುತ್ತಾರೆ, ಅದಕ್ಕೆ ನೀನೂ ಸುಮ್ಮನಾದೆ ಎಂದೆ. ಒಲೆಯ ಮೇಲೆ ಹಾಲಿದೆ ಎಂದು ನಾನು ಫೋನ್ ಇಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ. ನಿನಗೆ ಹೇಳಬೇಕಾದದ್ದು ಒಂದಿತ್ತು, ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

2004ರ ಏಪ್ರಿಲ್, ವಿಧಾನಸಭೆ ಚುನಾವಣೆಯ ಮತದಾನದ ದಿನ. ನಿನಗಾಗ ಮೂರು ತಿಂಗಳು. ಬಾಣಂತನಕ್ಕೆಂದು ನಂಜನಗೂಡಿನ ಆಚೆ ತವರಿನಲ್ಲಿದ್ದೆ. ನನ್ನ ಹೆಸರಿದ್ದದ್ದು ನಿಮ್ಮಪ್ಪನ ಊರಿನ ಪಟ್ಟಿಯಲ್ಲಿ, ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ. ಎರಡು ಬಸ್ಸು ಬದಲಿಸಿ ಬರಬೇಕು. ಬೆಳಿಗ್ಗೆ ಎದ್ದಾಗ ಹೋಗಬೇಕು ಎಂದೇ ಇತ್ತು. ಬಿಸಿಲು ಏರಿತು, ನೀನು ಅಳಲು ಶುರುಮಾಡಿದೆ, ಅಮ್ಮ ‘ಹಸುಗೂಸನ್ನು ಎತ್ತಿಕೊಂಡು ಈ ಉರಿಯಲ್ಲಿ ಎಲ್ಲಿಗೆ’ ಎಂದರು. ನನಗೂ ಅನ್ನಿಸಿತು, ನನ್ನದೊಂದರಿಂದ ಏನು ಎಂದು. ನಿನ್ನನ್ನು ಮಡಿಲಲ್ಲಿ ಮಲಗಿಸಿಕೊಂಡು ನಾನೂ ಮಲಗಿದೆ.

ಮೇ ತಿಂಗಳಲ್ಲಿ ಎಣಿಕೆ ನಡೆಯಿತು. ಆರ್. ಧ್ರುವನಾರಾಯಣ ಅವರಿಗೆ 40,752. ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751.

ಒಂದೇ ಒಂದು. ರಾಜ್ಯದಲ್ಲೆಲ್ಲ ಆ ಸುದ್ದಿ ಮಾತಾಯಿತು. ಸೋತ ಅಭ್ಯರ್ಥಿಯ ಕಾರಿನ ಚಾಲಕರಿಗೇ ಮತ ಹಾಕಲು ಬಿಡುವಾಗಿರಲಿಲ್ಲವಂತೆ ಎಂಬ ಕಥೆಯನ್ನು ಜನ ಇವತ್ತಿಗೂ ಹೇಳುತ್ತಾರೆ. ಯಾರಾದರೂ ಅದನ್ನು ಹೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಚಾಲಕರ ಮೇಲೆ ಎಲ್ಲರ ಬೆರಳು. ತವರಿನಲ್ಲಿ ಮಲಗಿದ್ದ ಬಾಣಂತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾನು ಯಾರಿಗೆ ಹಾಕುತ್ತಿದ್ದೆ ಎಂಬುದನ್ನು ನಿಮ್ಮಪ್ಪನಿಗೂ ಹೇಳಿಲ್ಲ, ನಿನಗೂ ಹೇಳುವುದಿಲ್ಲ. ಗೆದ್ದವರಿಗೆ ಹಾಕಿದ್ದರೆ ಅಂತರ ಎರಡಾಗುತ್ತಿತ್ತು. ಸೋತವರಿಗೆ ಹಾಕಿದ್ದರೆ ಸಮ ಸಮ ಆಗಿ, ಕಾನೂನಿನಂತೆ ಚೀಟಿ ಎತ್ತಿ ತೀರ್ಮಾನಿಸಬೇಕಾಗುತ್ತಿತ್ತು. ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಬಿಸಿಲಲ್ಲಿ ನಿಂತು ಹಾಕಿದ ಮತ ಆ ಅಂಚಿನ ಮೇಲೆ ನಿಂತಿದ್ದಾಗ ನಾನು ನಿದ್ದೆ ಮಾಡುತ್ತಿದ್ದೆ. ಕ್ಷೇತ್ರ ಮರುವಿಂಗಡಣೆಯಾಗಿ 2008ರ ಚುನಾವಣೆಯ ಹೊತ್ತಿಗೆ ಸಂತೇಮರಹಳ್ಳಿ ಎಂಬ ಕ್ಷೇತ್ರವೇ ಇಲ್ಲವಾಯಿತು. ನನ್ನ ಮನಸ್ಸಿನಲ್ಲಿ ಅದು ಇದೆ.

ಇದು ಹಳೆಯ ಕಾಲದ ಮಾತು ಎಂದುಕೊಳ್ಳಬೇಡ. ನೀನಿರುವ ಜಯನಗರದಲ್ಲೇ 2023ರಲ್ಲಿ ಏನಾಯಿತು ನೋಡು. ಎಣಿಸಿ, ಮತ್ತೆ ಎಣಿಸಿ, ತಡರಾತ್ರಿ ಹೊರಬಂದ ಫಲಿತಾಂಶದ ಅಂತರ 16 ಮತ. ನಿಮ್ಮ ಪಿಜಿಯಲ್ಲಿ ಹನ್ನೊಂದು ಜನ. ಪಕ್ಕದ ಮನೆಯವರನ್ನು ಸೇರಿಸಿಕೊಂಡರೆ ಅಷ್ಟೇ ಆಗುತ್ತದೆ.

ಆದರೂ ಆ ಹುಡುಗಿಯರಿಗೆ ಈ ಅಂಕಿಗಳನ್ನು ಹೇಳಿ ಹೆದರಿಸು ಎನ್ನುವುದಿಲ್ಲ. ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಆಗಿ ಮನೆಮನೆ ತಿರುಗಿದ ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡದ್ದು ಬೇರೆ. ಮತ ಹಾಕದವರೆಲ್ಲ ಸೋಮಾರಿಗಳಲ್ಲ. ಬಹಳ ಮಂದಿಯ ಮತ ಚುನಾವಣೆಗೆ ಎಷ್ಟೋ ತಿಂಗಳು ಮೊದಲೇ, ಪಟ್ಟಿಯಲ್ಲೇ ಕಳೆದುಹೋಗಿರುತ್ತದೆ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನಲ್ಲೇ ಉಳಿದಿರುತ್ತದೆ. ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದವರು ವರ್ಷಗಟ್ಟಲೆ ಪಟ್ಟಿ ನೋಡಿರುವುದಿಲ್ಲ. ಹಾಸಿಗೆ ಹಿಡಿದ 85 ದಾಟಿದ ಹಿರಿಯರು ಮನೆಯಲ್ಲೇ ಮತ ಹಾಕಬಹುದು ಎಂಬುದು 2024ರಲ್ಲಿ ನಮ್ಮ ಬೀದಿಯಲ್ಲೇ ಎಷ್ಟೋ ಮನೆಗೆ ಗೊತ್ತಿರಲಿಲ್ಲ. ಅದಕ್ಕೆ ಚುನಾವಣೆಯ ಅಧಿಸೂಚನೆ ಹೊರಟ ಐದು ದಿನದೊಳಗೆ 12ಡಿ ನಮೂನೆ ಕೊಡಬೇಕು, ಆಮೇಲೆ ಅತ್ತರೂ ಆಗುವುದಿಲ್ಲ. ಯುವಕರಿಗೆ 18 ತುಂಬಿದ ಲೆಕ್ಕಕ್ಕೆ ಮೊದಲು ಜನವರಿ 1 ಒಂದೇ ತಾರೀಖು ಇತ್ತು. ಈಗ ಏಪ್ರಿಲ್, ಜುಲೈ, ಅಕ್ಟೋಬರ್‌ ತಿಂಗಳ ಮೊದಲ ದಿನಗಳೂ ಸೇರಿವೆ. ಇದನ್ನು ಯಾರು ಹೋಗಿ ಅವರಿಗೆ ಹೇಳಿದ್ದಾರೆ?

ಹೆಂಗಸರ ಹೆಸರಿನ ವಿಷಯದಲ್ಲಂತೂ ನನಗೆ ಹೊಟ್ಟೆ ಉರಿಯುತ್ತದೆ. ದೇಶದ ಮೊದಲ ಚುನಾವಣೆಗೆ ಪಟ್ಟಿ ಮಾಡಲು ಹೋದಾಗ, ಹೆಚ್ಚಾಗಿ ಉತ್ತರದ ಕಡೆ, ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದು ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಹೆಸರು ಸರಿಪಡಿಸಿಕೊಳ್ಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಅದಾಗಿ ಎಪ್ಪತ್ತು ವರ್ಷ ದಾಟಿದೆ. ಇವತ್ತಿಗೂ ನಾನು ಬಾಗಿಲಲ್ಲಿ ನಿಂತು ‘ನಿಮ್ಮ ಹೆಸರೇನಮ್ಮ’ ಎಂದು ಕೇಳಿದರೆ, ‘ಅವರು ಹೊಲಕ್ಕೆ ಹೋಗಿದ್ದಾರೆ, ಸಂಜೆ ಬಂದು ಅವರನ್ನೇ ಕೇಳಿ’ ಎನ್ನುವವರಿದ್ದಾರೆ. ನಾನು ಅಲ್ಲೇ ಕುಳಿತುಬಿಡುತ್ತೇನೆ. ಅವರು ಬಾಯಿಬಿಟ್ಟು ತಮ್ಮ ಹೆಸರು ಹೇಳುವವರೆಗೂ ಏಳುವುದಿಲ್ಲ.

ಇನ್ನೊಂದು ಮಾತು. ಅದೇ 2024ರಲ್ಲಿ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಇಂಡಿಗನತ್ತದ ಜನ ತಮಗೆ ಸೌಕರ್ಯಗಳಿಲ್ಲ ಎಂದು ಮತದಾನ ಬಹಿಷ್ಕರಿಸಿದ್ದು ನೆನಪಿದೆಯಲ್ಲ? ಗಲಾಟೆಯಾಗಿ ಮತಯಂತ್ರವೂ ಒಡೆದು, ಮರುಮತದಾನ ಮಾಡಬೇಕಾಯಿತು. ಯಂತ್ರ ಒಡೆದದ್ದು ತಪ್ಪು. ಆದರೆ ಅವರ ಸಿಟ್ಟನ್ನು ನಾನು ಹಗುರ ಮಾಡಲಾರೆ. ಮತಕ್ಕೆ ಬೆಲೆಯಿದೆ ಎಂದು ನಂಬಿದವರೇ ಅದನ್ನು ತಡೆಹಿಡಿದು ಕೇಳುತ್ತಾರೆ. ಮನೆ ಬಾಗಿಲಿಗೆ ರಸ್ತೆ, ಕೂಗಳತೆಯಲ್ಲಿ ಮತಗಟ್ಟೆ, ಮೇಲೆ ಸಂಬಳದ ರಜೆ ಇದ್ದೂ ಹೋಗದವರ ವಿಷಯದಲ್ಲಿ ನನಗೆ ಆ ಗೌರವ ಬರುವುದಿಲ್ಲ. 2023ರಲ್ಲಿ ರಾಜ್ಯದಲ್ಲಿ ಶೇ 73ರಷ್ಟು ಮತದಾನವಾದಾಗ ಬೆಂಗಳೂರು ಶೇ 54ರ ಆಸುಪಾಸಿನಲ್ಲೇ ನಿಂತಿತು.

ನಿಮ್ಮ ನಗರಕ್ಕೆಲ್ಲ ಒಂದೇ ಪಾಲಿಕೆ ಇದ್ದಾಗ ಅದಕ್ಕೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆಗ ನಿನಗೆ ಹನ್ನೊಂದು ವರ್ಷ. ಆ ಸದಸ್ಯರ ಅವಧಿ 2020ರಲ್ಲಿ ಮುಗಿಯಿತು. ಈಗ ಒಂದು ಪಾಲಿಕೆ ಐದಾಗಿದೆ. ಕಸ ಎತ್ತುವ ಗಾಡಿ ಬರಲಿಲ್ಲ, ಬೀದಿದೀಪವಿಲ್ಲದೆ ರಾತ್ರಿ ಬರಲು ಭಯ ಎಂದು ನೀನು ನನ್ನ ಹತ್ತಿರ ಹೇಳುತ್ತೀಯಲ್ಲ, ಅದನ್ನು ಕೇಳಲು ವಾರ್ಡಿಗೊಬ್ಬರು ಇರಬೇಕಾದವರೇ ವರ್ಷಗಟ್ಟಲೆ ಇರಲಿಲ್ಲ. ಪಾಲಿಕೆ ಚುನಾವಣೆ ಎಂದು ಬಂದರೂ ನಿಮ್ಮ ಹೆಸರು ಅಲ್ಲಿರಬೇಕು.

ಆದ್ದರಿಂದ ‘ಮತ ಹಾಕುತ್ತೀರಾ’ ಎಂದು ಅವರನ್ನು ಕೇಳಬೇಡ. ಎಲ್ಲರೂ ಹೂಂ ಎನ್ನುತ್ತಾರೆ. ‘ನಿನ್ನ ಹೆಸರು ಎಲ್ಲಿದೆ, ಈಗಲೇ ನೋಡೋಣ’ ಎಂದು ಮೊಬೈಲ್ ಹಿಡಿದು ಪಕ್ಕದಲ್ಲಿ ಕೂರು. ಎಲ್ಲೂ ಇಲ್ಲದವರಿಗೆ 6ನೇ ನಮೂನೆ. ಬೇರೆ ಊರಿನ ಪಟ್ಟಿಯಲ್ಲಿ ಹೆಸರಿರುವವರಿಗೆ 8ನೇ ನಮೂನೆ. ಅಡುಗೆ ಮಾಡುವ ಅಕ್ಕನನ್ನು ಬಿಡಬೇಡ, ಅವರನ್ನು ಯಾರೂ ಕೇಳಿರುವುದಿಲ್ಲ. ಯಾರಿಗೆ ಹಾಕಬೇಕು ಎಂಬ ಮಾತು ಮಾತ್ರ ನಿನ್ನ ಬಾಯಲ್ಲಿ ಬರಬಾರದು. ನಮ್ಮೂರಲ್ಲಿ ಮದುವೆಗೆ ಲಗ್ನಪತ್ರಿಕೆ ಕಳಿಸಿದರೆ ಕರೆದಂತಾಯಿತೇ? ಮನೆಗೆ ಹೋಗಿ, ಕುಂಕುಮ ಕೊಟ್ಟು, ‘ಬರಲೇಬೇಕು’ ಎಂದರೆ ತಾನೇ ಜನ ಹೊರಡುವುದು. ಇದೂ ಹಾಗೆಯೇ. ಮತದಾನದ ಬೆಳಿಗ್ಗೆ ಹನ್ನೊಂದು ಜನವೂ ಒಟ್ಟಿಗೆ ಹೊರಡಿ.

2004ರ ಆ ದಿನ ಒಬ್ಬರಾದರೂ ಬಂದು ‘ಮಗುವನ್ನು ನಾನು ಎತ್ತಿಕೊಳ್ಳುತ್ತೇನೆ, ನಡಿ’ ಎಂದಿದ್ದರೆ ನಾನು ಹೋಗಿರುತ್ತಿದ್ದೆ. ಈಗ ಪ್ರತಿ ಚುನಾವಣೆಯಲ್ಲಿ ಮತಗಟ್ಟೆಯ ಹೊರಗೆ ಪಟ್ಟಿ ಹಿಡಿದು ಕೂರುವಾಗ, ಹಸುಗೂಸು ಹೊತ್ತ ತಾಯಂದಿರು ಬಂದರೆ ನಾನೇ ಕೈ ಚಾಚುತ್ತೇನೆ. ಕಳೆದ ಬಾರಿ ನಾಲ್ಕು ಮಕ್ಕಳನ್ನು ಎತ್ತಿಕೊಂಡಿದ್ದೆ. ಒಂದು ನನ್ನ ಸೀರೆಯ ಮೇಲೆಯೇ ಉಚ್ಚೆ ಹೊಯ್ದಿತು, ಥೇಟ್ ನಿನ್ನ ಹಾಗೆ.

ನೀನು 8ನೇ ನಮೂನೆ ತುಂಬಿದರೆ ಇಲ್ಲಿನ ಪಟ್ಟಿಯಿಂದ ನಿನ್ನ ಹೆಸರು ಹೋಗುತ್ತದೆ. ನಿಮ್ಮಪ್ಪನದು, ನನ್ನದು, ಅದರ ಕೆಳಗೆ ನಿನ್ನದು. ಸಾವಿರಕ್ಕೂ ಹೆಚ್ಚು ಹೆಸರಿನ ಆ ಪಟ್ಟಿಯನ್ನು ಕೈಗೆತ್ತಿಕೊಂಡಾಗಲೆಲ್ಲ ನಾನು ಮೊದಲು ತೆಗೆಯುವುದು ಆ ಪುಟವನ್ನೇ. ಬೆಂಗಳೂರಿನಲ್ಲಿ ಸೇರಿದ ದಿನ ಫೋನ್ ಮಾಡು. ನನ್ನ ಪ್ರತಿಯಲ್ಲಿ ಆ ಗೆರೆಯನ್ನು ನಾನೇ ಎಳೆಯುತ್ತೇನೆ.

ಹುರಳಿಕಾಳು, ಚಟ್ನಿಪುಡಿ ಕಟ್ಟಿಟ್ಟಿದ್ದೇನೆ. ಹನ್ನೊಂದು ಜನಕ್ಕೂ ಆಗುವಷ್ಟಿದೆ.

ನಿನ್ನ ಅಮ್ಮ